ಗುಳಿಗೆ ಕೊಡುವ ಕಿಟಕಿಯಲ್ಲೇ ಕ್ಯಾನ್ಸರ್ ತಪಾಸಣೆಯೂ ಆಗಲಿ

ಬಾಗಲಕೋಟೆ ಜಿಲ್ಲೆಗೆ ಎಚ್.ಐ.ವಿ. ಹೊಸ ಮಾತಲ್ಲ. 2003ರಲ್ಲಿ ಸಂಶೋಧಕರು ನಮ್ಮ ಜಿಲ್ಲೆಯ ಹಳ್ಳಿ, ಪಟ್ಟಣಗಳಲ್ಲಿ ಸಮೀಕ್ಷೆ ನಡೆಸಿ, ಒಪ್ಪಿದವರ ರಕ್ತ ತೆಗೆದು ನೋಡಿದಾಗ ನೂರು ವಯಸ್ಕರಲ್ಲಿ ಹೆಚ್ಚುಕಡಿಮೆ ಮೂವರಿಗೆ ಈ ವೈರಾಣು ತಗುಲಿತ್ತು. ಅದೂ ಎಲ್ಲರೂ ತಿಳಿದುಕೊಂಡಂತೆ ಪೇಟೆಯಲ್ಲಲ್ಲ, ಹಳ್ಳಿಗಳಲ್ಲೇ ಹೆಚ್ಚು. ಆ ಲೆಕ್ಕ ಹೊರದೇಶದ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಇಳಕಲ್ಲ ಸೀರೆಗೆ, ಬಾದಾಮಿಯ ಗುಹೆಗೆ ಹೆಸರಾಗಿದ್ದ ಜಿಲ್ಲೆ ಈ ಕೆಟ್ಟ ಕಾರಣಕ್ಕೂ ಹೆಸರಾಯಿತು.

ಆ ದಿನಗಳು ಬಜಾರದ ಹಿರಿಯರಿಗೆ ನೆನಪಿರಬೇಕು. ‘ಅವರ ಮನ್ಯಾಗ ಅದು ಬಂದೈತಂತ’ ಎಂದು ಯಾರಾದರೂ ಪಿಸುಗುಟ್ಟಿದರೆ ಸಾಕು, ಆ ಮನೆಯವರ ಕೈಯಿಂದ ಚಿಲ್ಲರೆ ತಗೊಳ್ಳಲಿಕ್ಕೂ ಜನ ಹಿಂದೆ ಮುಂದೆ ನೋಡುತ್ತಿದ್ದರು. ರೋಗ ಬಂತೆಂದರೆ ಮುಗಿಯಿತು, ಇನ್ನು ದಿನ ಎಣಿಸುವುದಷ್ಟೇ ಎಂಬ ಮಾತು.

ಈಗ ಹಾಗಿಲ್ಲ. 2004ರ ಏಪ್ರಿಲ್ 1ರಿಂದ ಕೇಂದ್ರ ಸರಕಾರ ಎ.ಆರ್.ಟಿ. ಗುಳಿಗೆಗಳನ್ನು ಪುಕ್ಕಟೆ ಕೊಡಲು ಶುರು ಮಾಡಿತು. ಮೊದಲು ರೋಗನಿರೋಧಕ ಶಕ್ತಿ ಇಷ್ಟು ಕುಸಿದ ಮೇಲೇ ಗುಳಿಗೆ ಎಂಬ ನಿಯಮವಿತ್ತು. 2017ರಿಂದ ಅದೂ ಹೋಯಿತು. ರೋಗ ಪತ್ತೆಯಾದೊಡನೆ ಗುಳಿಗೆ. ತಪ್ಪದೆ ನುಂಗಿದವರು ಮನೆ ನಡೆಸ್ಯಾರ, ಮಕ್ಕಳ ಮದುವಿ ಮಾಡ್ಯಾರ, ಮೊಮ್ಮಕ್ಕಳನ್ನ ಎತ್ತಿ ಆಡಿಸ್ಯಾರ. ಇದು ಸಣ್ಣ ಸಾಧನೆಯಲ್ಲ. ದವಾಖಾನೆಯ ಸಿಬ್ಬಂದಿಗೆ, ಮನೆಮನೆ ತಿರುಗಿದ ಕಾರ್ಯಕರ್ತೆಯರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಗುಳಿಗೆ ತಪ್ಪಿಸದ ಆ ಜನರಿಗೇ ಇದರ ಶ್ರೇಯಸ್ಸು ಸಲ್ಲಬೇಕು.

ಆದರೆ ಲೆಕ್ಕದಲ್ಲಿ ಒಂದು ಬಾಕಿ ಉಳಿದಿದೆ. 2003ರಲ್ಲಿ ಇಪ್ಪತ್ತೈದು ವರ್ಷದವಳಿದ್ದ ಹೆಣ್ಣುಮಗಳು ಈಗ ಐವತ್ತರ ಆಸುಪಾಸಿನಲ್ಲಿದ್ದಾಳೆ. ಅದು ಕ್ಯಾನ್ಸರ್ ರೋಗ ಕಾಣಿಸಿಕೊಳ್ಳುವ ವಯಸ್ಸು. ಎಚ್.ಐ.ವಿ.ಯಿಂದ ಗುಳಿಗೆ ಆಕೆಯನ್ನು ಉಳಿಸಿತು. ಕ್ಯಾನ್ಸರಿನಿಂದ ಉಳಿಸುವವರು ಯಾರು?

ಆರು ಪಟ್ಟು ಹೆಚ್ಚು

ಎಚ್.ಐ.ವಿ. ಇದ್ದವರಿಗೆ ಕೆಲವು ಕ್ಯಾನ್ಸರುಗಳು ಉಳಿದವರಿಗಿಂತ ಹೆಚ್ಚು ಬರುತ್ತವೆ. ಹಾಲುರಸ ಗ್ರಂಥಿಗಳ ಕ್ಯಾನ್ಸರ್, ಅಂದರೆ ಲಿಂಫೋಮಾ, ಒಂದು. ಚರ್ಮದ ಮೇಲೆ ನೇರಳೆ ಮಚ್ಚೆಯಾಗಿ ಏಳುವ ಕಪೋಸಿ ಸಾರ್ಕೋಮಾ ಇನ್ನೊಂದು. ಇದು ನಮ್ಮ ದೇಶದಲ್ಲಿ ಅಪರೂಪ. ಮೂರನೆಯದು ನಮ್ಮ ಹೆಣ್ಣುಮಕ್ಕಳ ಪಾಲಿನದು: ಗರ್ಭಕೋಶದ ಬಾಯಿಯ ಕ್ಯಾನ್ಸರ್. ವೈದ್ಯರು ಇದನ್ನು ಗರ್ಭಕೊರಳಿನ ಕ್ಯಾನ್ಸರ್ ಅನ್ನುತ್ತಾರೆ.

ಈ ಮೂರನೆಯದು ಎಚ್.ಐ.ವಿ. ಇರುವ ಮಹಿಳೆಗೆ ಉಳಿದ ಮಹಿಳೆಯರಿಗಿಂತ ಸುಮಾರು ಆರು ಪಟ್ಟು ಹೆಚ್ಚು ಬರುತ್ತದೆಂದು ಜಗತ್ತಿನ ಅಂಕಿಸಂಖ್ಯೆ ಕೂಡಿಸಿ ನೋಡಿದ ತಜ್ಞರು ಹೇಳಿದ್ದಾರೆ. ಕಾರಣ ಸರಳ. ಈ ಕ್ಯಾನ್ಸರಿನ ಬೀಜ ಎಚ್.ಪಿ.ವಿ. ಎಂಬ ಬೇರೊಂದು ವೈರಾಣು. ಮದುವೆಯಾದ ಹೆಚ್ಚಿನವರಿಗೆ ಒಂದಲ್ಲ ಒಂದು ಸಲ ಅದು ತಗುಲುತ್ತದೆ. ಬಹುತೇಕರ ಮೈಯಲ್ಲಿಯ ಶಕ್ತಿ ಅದನ್ನು ಒಂದೆರಡು ವರ್ಷದಲ್ಲಿ ತಾನಾಗಿಯೇ ಓಡಿಸುತ್ತದೆ. ಎಚ್.ಐ.ವಿ.ಯಿಂದ ಆ ಶಕ್ತಿ ಸೊರಗಿದವರಲ್ಲಿ ಅದು ಹೋಗದೆ ಕುಂಡ್ರುತ್ತದೆ. ಕುಂತಲ್ಲೇ ನಿಧಾನಕ್ಕೆ ಕೆಡಿಸುತ್ತದೆ. ಆರೋಗ್ಯವಂತ ಮಹಿಳೆಯಲ್ಲಿ ಹೀಗೆ ಕೆಟ್ಟು ಕ್ಯಾನ್ಸರ್ ಆಗಲು 15ರಿಂದ 20 ವರ್ಷ ಬೇಕು. ಎಚ್.ಐ.ವಿ.ಗೆ ಚಿಕಿತ್ಸೆ ಇಲ್ಲದ ಮಹಿಳೆಯಲ್ಲಿ 5ರಿಂದ 10 ವರ್ಷ ಸಾಕು. ಇದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಐದು ವರ್ಷ ಅಂದರೂ ಕಡಿಮೆಯಲ್ಲ, ಓದುಗರೇ. ಅಷ್ಟು ದಿನ ರೋಗ ನಮಗೆ ಪುರುಸೊತ್ತು ಕೊಡುತ್ತದೆ. ಆ ಪುರುಸೊತ್ತಿನಲ್ಲಿ ಹಿಡಿದರೆ ಕ್ಯಾನ್ಸರ್ ಆಗುವ ಮೊದಲೇ, ಆ ಜಾಗವನ್ನು ಬಿಸಿಯಿಂದ ಸುಟ್ಟು ತೆಗೆಯಬಹುದು. ಸುಡುವ ಕೆಲಸಕ್ಕೆ ಕೆಲವೇ ನಿಮಿಷ. ಹಾಸಿಗೆ ಹಿಡಿಯಬೇಕಿಲ್ಲ. ಬಿಟ್ಟರೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ. ಕರೆಂಟು ಕೊಡಿಸುವುದು, ಔಷಧ ಏರಿಸುವುದು, ಹೊಲ ಒತ್ತೆ ಇಡುವುದು. ಅಷ್ಟಾದರೂ ಹೆಣ್ಣುಮಗಳು ಉಳಿಯುವ ಭರವಸೆ ಇಲ್ಲ. 2022ರ ಅಂದಾಜಿನಂತೆ ದೇಶದಲ್ಲಿ ಒಂದೇ ವರ್ಷದಲ್ಲಿ ಸುಮಾರು 1,27,000 ಮಹಿಳೆಯರಿಗೆ ಈ ರೋಗ ಬಂತು. ಸುಮಾರು 80,000 ಮಂದಿ ಸತ್ತರು.

‘ಗುರುತು’ ಅಂದರೇನು?

ಈಚೆಗೆ ದವಾಖಾನೆಗಳಲ್ಲಿ, ಪತ್ರಿಕೆಗಳಲ್ಲಿ ‘ಬಯೋಮಾರ್ಕರ್’ ಎಂಬ ಶಬ್ದ ಬಹಳ ಕೇಳಿಬರುತ್ತಿದೆ. ಗಾಬರಿಯಾಗಬೇಕಿಲ್ಲ. ರೋಗ ಕಣ್ಣಿಗೆ ಕಾಣುವ ಮೊದಲೇ ಮೈಯಲ್ಲಿ ಅದು ಬಿಡುವ ಗುರುತಿಗೆ ಹಾಗೆನ್ನುತ್ತಾರೆ. ರಕ್ತದಲ್ಲಿರಬಹುದು, ಉಚ್ಚೆಯಲ್ಲಿರಬಹುದು, ಗರ್ಭಕೊರಳಿನಿಂದ ತೆಗೆದ ದ್ರವದಲ್ಲಿರಬಹುದು. ಧಾನ್ಯದ ವ್ಯಾಪಾರಿ ಚೀಲ ಬಿಚ್ಚಿ ಹುಳ ಹುಡುಕುವುದಿಲ್ಲ. ಚೀಲದ ಬುಡದಲ್ಲಿ ಉದುರಿದ ಪುಡಿ ನೋಡಿಯೇ ‘ನುಸಿ ಹತ್ತೈತಿ’ ಅನ್ನುತ್ತಾನೆ. ಆ ಪುಡಿಯೇ ಗುರುತು.

ಗರ್ಭಕೊರಳಿನ ಕ್ಯಾನ್ಸರಿಗೆ ಇಂಥ ಒಂದು ಪಕ್ಕಾ ಗುರುತು ಸಿಕ್ಕಿದೆ. ಅದೇ ಎಚ್.ಪಿ.ವಿ. ವೈರಾಣುವಿನ ಡಿ.ಎನ್.ಎ. ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ 1983-84ರಲ್ಲಿ ಈ ಕ್ಯಾನ್ಸರಿನ ಗಡ್ಡೆಗಳಲ್ಲಿ 16 ಮತ್ತು 18ನೆಯ ನಮೂನೆಯ ಎಚ್.ಪಿ.ವಿ. ಹಿಡಿದು ತೋರಿಸಿದರು. ಜಗತ್ತಿನ ಗರ್ಭಕೊರಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಈ ಎರಡೇ ಕಾರಣ. ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಇದು ಪರದೇಶದ ಮಾತು, ನಮ್ಮ ಹಳ್ಳಿಗೆ ಹೊಂದುತ್ತದೆಯೇ ಎಂದು ಕೇಳುವವರಿಗೆ ಉತ್ತರ ನೆರೆಯಲ್ಲೇ ಇದೆ. ಮಹಾರಾಷ್ಟ್ರದ ಉಸ್ಮಾನಾಬಾದ, ಈಗಿನ ಧಾರಾಶಿವ ಜಿಲ್ಲೆಯಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆ ಮತ್ತು ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆಯವರು ಒಂದು ದೊಡ್ಡ ಪರೀಕ್ಷೆ ನಡೆಸಿದರು. 30ರಿಂದ 59 ವರ್ಷದ 1,31,746 ಹಳ್ಳಿ ಮಹಿಳೆಯರು. ಕೆಲವು ಊರುಗಳಲ್ಲಿ ಎಚ್.ಪಿ.ವಿ. ಪರೀಕ್ಷೆ, ಕೆಲವೆಡೆ ಪ್ಯಾಪ್ ಪರೀಕ್ಷೆ, ಕೆಲವೆಡೆ ವಿನೆಗರ್ ಹಚ್ಚಿ ಕಣ್ಣಿಂದ ನೋಡುವ ಪರೀಕ್ಷೆ, ಉಳಿದೆಡೆ ಎಂದಿನಂತೆ. 2009ರಲ್ಲಿ ಫಲಿತಾಂಶ ಬಂತು. ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆ ಮಾಡಿಸಿಕೊಂಡ ಊರುಗಳಲ್ಲಿ ಎಂಟು ವರ್ಷಗಳಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಉಳಿದ ಎರಡು ವಿಧಾನಗಳಿಂದ ಅಂಥ ಇಳಿತ ಕಾಣಲಿಲ್ಲ. ನಮ್ಮಂಥದೇ ಬರದ ಸೀಮೆ, ನಮ್ಮಂಥದೇ ಜೋಳದ ರೊಟ್ಟಿ ತಿನ್ನುವ ಜನ. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು?

ಆ ಪರೀಕ್ಷೆ ಎಲ್ಲ ಮಹಿಳೆಯರದು. ಎಚ್.ಐ.ವಿ. ಇರುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಬೇರೆಯೇ ನಿಯಮ ಹೇಳಿತು. ಉಳಿದವರಿಗೆ 30ನೆಯ ವಯಸ್ಸಿನಿಂದ, 5ರಿಂದ 10 ವರ್ಷಕ್ಕೊಮ್ಮೆ. ಇವರಿಗೆ 25ರಿಂದಲೇ, 3ರಿಂದ 5 ವರ್ಷಕ್ಕೊಮ್ಮೆ. ಇವರಲ್ಲಿ ಎಚ್.ಪಿ.ವಿ. ಬಹಳ ಮಂದಿಗೆ ಇರುವುದರಿಂದ, ಇದೆ ಎಂದು ಬಂದವರನ್ನೆಲ್ಲ ಒಮ್ಮೆಲೇ ಸುಡಬಾರದು. ಎರಡನೆಯ ಪರೀಕ್ಷೆ ಮಾಡಿ, ನಿಜವಾಗಿ ಕೆಡಲು ಶುರುವಾದವರನ್ನು ಆರಿಸಿ ಚಿಕಿತ್ಸೆ ಕೊಡಬೇಕು. ಚಿಕಿತ್ಸೆಯಾದ ಮೇಲೂ ಒಂದು ವರ್ಷಕ್ಕೆ, ಮತ್ತೊಂದು ವರ್ಷಕ್ಕೆ ತಿರುಗಿ ನೋಡಬೇಕು. ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ಮಾರ್ಗಸೂಚಿಯೂ ಎಚ್.ಐ.ವಿ. ಇರುವ ಮಹಿಳೆಯರಿಗೆ ಈ ಕ್ಯಾನ್ಸರಿನ ತಪಾಸಣೆ ಆಗಬೇಕೆನ್ನುತ್ತದೆ.

ಕಾಗದದಲ್ಲಿ ಎಲ್ಲ ಇದೆ. ನಡೆಯುವುದು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಭಾರತೀಯ ಮಹಿಳೆಯರ ಪೈಕಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ!

ಪ್ಯಾಕೇಜಿಗೆ ಮರುಳಾಗಬೇಡಿ

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಗುರುತು ಎಂಬ ಶಬ್ದ ಹಿಡಿದುಕೊಂಡು ವ್ಯಾಪಾರ ಮಾಡುವವರೂ ಇದ್ದಾರೆ. ‘ಒಂದು ಹನಿ ರಕ್ತ, ಎಲ್ಲಾ ಕ್ಯಾನ್ಸರ್ ಪತ್ತೆ’ ಎಂಬಂಥ ಜಾಹೀರಾತು ನೋಡಿ ಸಾವಿರಾರು ರೂಪಾಯಿ ಕೊಟ್ಟು ಪರೀಕ್ಷೆ ಮಾಡಿಸುವವರಿದ್ದಾರೆ. ಎಚ್.ಐ.ವಿ. ಇದ್ದವರಿಗೆ ಇದು ದುಪ್ಪಟ್ಟು ಮೋಸ.

ಯಾಕೆಂದರೆ ಎಚ್.ಐ.ವಿ. ತಾನೇ ಮೈಯಲ್ಲಿ ಉರಿಯೂತ ಹಚ್ಚುತ್ತದೆ. ಕ್ಯಾನ್ಸರ್ ಇಲ್ಲದಿದ್ದರೂ ರಕ್ತದ ಎಷ್ಟೋ ಗುರುತುಗಳು ಮೇಲೇರಿರುತ್ತವೆ. ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬುದನ್ನು ಲಿಂಫೋಮಾ ರೋಗಿಗಳಲ್ಲಿ ನೋಡುತ್ತಾರೆ. ಅದು ಬರೀ ಎಚ್.ಐ.ವಿ.ಯಿಂದಲೂ ಏರುತ್ತದೆ. ಅಂಡಾಶಯದ ಕ್ಯಾನ್ಸರಿಗೆಂದು ನೋಡುವ ಸಿ.ಎ.-125 ಹೊಟ್ಟೆಯ ಕ್ಷಯದಲ್ಲೂ ಏರುತ್ತದೆ. ಎಚ್.ಐ.ವಿ. ಇದ್ದವರಿಗೆ ಕ್ಷಯ ಹೆಚ್ಚು ಎಂಬುದು ಗೊತ್ತಿದ್ದದ್ದೇ. ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬಂದ ಆ ಅಂಕಿ ನೋಡಿ ಮನೆಮಂದಿ ಊಟ ಬಿಡುತ್ತಾರೆ. ಅದರ ಬೆನ್ನಿಗೆ ಸ್ಕ್ಯಾನು, ಮತ್ತೊಂದು ಸ್ಕ್ಯಾನು. ಕೊನೆಗೆ ‘ಏನೂ ಇಲ್ರೀ’ ಅನ್ನಿಸಿಕೊಂಡು ಖಾಲಿ ಕಿಸೆಯಲ್ಲಿ ಬಸ್ಸು ಹತ್ತುವುದು.

ವಿಜ್ಞಾನಿಗಳು ಸುಮ್ಮನೆ ಕುಂತಿಲ್ಲ. ಅಮೇರಿಕದಲ್ಲಿ 1984ರಿಂದ ಸಾವಿರಾರು ಗಂಡಸರನ್ನು ವರ್ಷವರ್ಷ ತಪಾಸಿಸಿ, ರಕ್ತವನ್ನು ಶೀತಪೆಟ್ಟಿಗೆಯಲ್ಲಿ ಕಾಯ್ದಿಟ್ಟ ಅಧ್ಯಯನವೊಂದಿದೆ. ಮುಂದೆ ಕೆಲವರಿಗೆ ಲಿಂಫೋಮಾ ಬಂದಾಗ ಆ ಹಳೆಯ ರಕ್ತ ತೆಗೆದು ನೋಡಿದರು. ರೋಗ ಪತ್ತೆಯಾಗುವ ವರ್ಷಗಳ ಮೊದಲೇ ಇಂಟರ್‌ಲ್ಯೂಕಿನ್-6, ಸಿ.ಡಿ.-30ರಂಥ ಕೆಲವು ಪದಾರ್ಥಗಳು ಅವರಲ್ಲಿ ಏರಿದ್ದವು. ದೊಡ್ಡ ಸಂಗತಿಯೇ. ಆದರೆ ನೂರಾರು ಜನರ ಸರಾಸರಿಯಲ್ಲಿ ಕಂಡದ್ದನ್ನು ಹಿಡಿದು, ಎದುರಿಗೆ ಕುಂತ ಒಬ್ಬ ರೋಗಿಗೆ ‘ನಿನಗ ಬರತೈತಿ’, ‘ನಿನಗ ಬರೂದಿಲ್ಲ’ ಎಂದು ಹೇಳಲಾಗದು. ಅಂಥ ಪರೀಕ್ಷೆ ಇನ್ನೂ ಸಂಶೋಧನೆಯ ಮೇಜಿನ ಮೇಲಿದೆ, ದವಾಖಾನೆಯ ಮೇಜಿಗೆ ಬಂದಿಲ್ಲ.

ಕೆಲಸಕ್ಕೆ ಬರುವಂಥವು ಕೆಲವೇ. ಗರ್ಭಕೊರಳಿಗೆ ಎಚ್.ಪಿ.ವಿ. ಪರೀಕ್ಷೆ. ಕಾಮಾಲೆಯ ಬಿ ಮತ್ತು ಸಿ ವೈರಾಣು ಇದೆಯೋ ಎಂಬ ಪರೀಕ್ಷೆ. ಅದರಿಂದ ಪಿತ್ತಕೋಶ ಅಂದರೆ ಲಿವರ್ ಗಟ್ಟಿಯಾದವರಿಗೆ ಆರಾರು ತಿಂಗಳಿಗೊಮ್ಮೆ ಹೊಟ್ಟೆಯ ಸೋನೋಗ್ರಾಫಿ, ಜೊತೆಗೆ ಎ.ಎಫ್.ಪಿ. ಎಂಬ ರಕ್ತದ ಗುರುತು. ಇನ್ನು ಬಾಯಿಯ ಕ್ಯಾನ್ಸರಿಗೆ ಯಾವ ಗುರುತೂ ಬೇಡ. ಬಾಯಿ ತೆಗೆಸಿ ದೀಪ ಹಿಡಿದು ನೋಡಿದರೆ ಆಯಿತು. ಗುಟಖಾ ನಿಷೇಧವಾದದ್ದು 2013ರಲ್ಲಿ. ತಂಬಾಕಿನ ಚೀಟು ಮಾತ್ರ ಅಂಗಡಿಯ ಮುಂದೆ ಮಾಲೆಯಾಗಿ ತೂಗುತ್ತಲೇ ಇದೆ. ಈ ಮಾತು ನಮ್ಮ ಅಂಗಡಿಕಾರ ಮಿತ್ರರಿಗೆ ರುಚಿಸಲಿಕ್ಕಿಲ್ಲ. ಹೇಳದೆ ಬಿಡುವಂತೆಯೂ ಇಲ್ಲ.

ಬಸ್ಸು ಪುಕ್ಕಟೆ, ದಿನಗೂಲಿ ಪುಕ್ಕಟೆಯಲ್ಲ

ಈಗ ಮೂಲ ಮಾತಿಗೆ ಬರೋಣ. ಇಳಕಲ್ಲಿನ ನೇಕಾರ ಹೆಣ್ಣುಮಗಳೊಬ್ಬಳು ಗುಳಿಗೆಗಾಗಿ ಬಾಗಲಕೋಟೆಗೆ ಬರುತ್ತಾಳೆ ಎಂದಿಟ್ಟುಕೊಳ್ಳಿ. ತನ್ನೂರಲ್ಲೇ ಗುಳಿಗೆ ಸಿಕ್ಕರೂ ಎಷ್ಟೋ ಮಂದಿ ದೂರದ ಊರಿಗೇ ಹೋಗುತ್ತಾರೆ. ಗುರುತಿನವರು ನೋಡಿಯಾರು ಎಂಬ ಅಂಜಿಕೆ. ಹುನಗುಂದ, ಅಮೀನಗಡ ದಾಟಿ ಬಸ್ಸು ಬಾಗಲಕೋಟೆ ಮುಟ್ಟುವ ಹೊತ್ತಿಗೆ ಬಿಸಿಲೇರಿರುತ್ತದೆ. ಬಾದಾಮಿಯಾಕೆ ರೈಲಿಗೆ ಬಂದರೂ ಅಷ್ಟೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ, ಒಪ್ಪೋಣ. ಆದರೆ ಆ ದಿನ ಮಗ್ಗ ನಿಂತಿತು. ಕೂಲಿ ಹೋಯಿತು. ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಅಷ್ಟನ್ನು ಹೇಗೋ ಸಹಿಸುತ್ತಾಳೆ.

ಆಕೆಗೆ ‘ಕ್ಯಾನ್ಸರ್ ತಪಾಸಣೆ ಬೇರೆ ವಿಭಾಗ, ಬೇರೆ ದಿನ ಬರ್ರಿ’ ಎಂದರೆ ಬರುತ್ತಾಳೆಯೇ? ಬರುವುದಿಲ್ಲ. ಬಂದರೂ ಅಲ್ಲಿ ಹೊಸ ಚೀಟಿ ಮಾಡಿಸಬೇಕು, ಹೊಸಬರೆದುರು ತನ್ನ ರೋಗದ ಕಥೆ ಮೊದಲಿನಿಂದ ಹೇಳಬೇಕು. ಸಾಲಿನಲ್ಲಿ ನಿಂತವರ ಕಿವಿ ಯಾವ ಕಡೆ ಇರುತ್ತದೋ ಯಾರು ಬಲ್ಲರು! ಇದಕ್ಕಿಂತ ಸುಮ್ಮನೆ ಮನೆಗೆ ಹೋಗುವುದೇ ಮೇಲು ಅಂತ ಆಕೆ ತೀರ್ಮಾನಿಸಿದರೆ ತಪ್ಪು ಆಕೆಯದಲ್ಲ.

ಅದಕ್ಕೇ ನಾವು ಹೇಳುವುದು: ಗುಳಿಗೆ ಕೊಡುವ ಕಿಟಕಿಯಲ್ಲೇ, ಗುಳಿಗೆ ಕೊಡುವ ದಿನವೇ ತಪಾಸಣೆಯೂ ಆಗಲಿ.

ಇದು ಆಗದ ಕೆಲಸವಲ್ಲ. ಎಚ್.ಪಿ.ವಿ. ಪರೀಕ್ಷೆಗೆ ಹೆಣ್ಣುಮಗಳು ಮೇಜಿನ ಮೇಲೆ ಮಲಗಲೇಬೇಕೆಂದಿಲ್ಲ. ಹತ್ತಿ ಸುತ್ತಿದಂಥ ಸಣ್ಣ ಕಡ್ಡಿಯಿಂದ ಮಾದರಿಯನ್ನು ಪರದೆಯ ಹಿಂದೆ ತಾನೇ ತೆಗೆದು ಕೊಡಬಹುದು. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯಿದೆ. ಯಂತ್ರದ ಚಿಂತೆಯೂ ದೊಡ್ಡದಲ್ಲ. ಕ್ಷಯ ಪತ್ತೆಗೆಂದು ದೇಶದ ಸಣ್ಣ ಸಣ್ಣ ಸರಕಾರಿ ದವಾಖಾನೆಗಳಿಗೂ ಬಂದಿರುವ ಗೋವೆಯ ಟ್ರೂನ್ಯಾಟ್ ಯಂತ್ರದಲ್ಲೇ ಚಿಪ್ಪು ಬದಲಿಸಿದರೆ ಎಚ್.ಪಿ.ವಿ.ಯನ್ನೂ ನೋಡಬಹುದು. 2025ರ ಏಪ್ರಿಲಿನಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ದಿಲ್ಲಿಯ ಏಮ್ಸ್ ಸೇರಿದಂತೆ ದೊಡ್ಡ ಸಂಸ್ಥೆಗಳಲ್ಲಿ ಒರೆಗೆ ಹಚ್ಚಿ ನೋಡಿದ ದೇಶೀ ಎಚ್.ಪಿ.ವಿ. ಪರೀಕ್ಷೆಗಳನ್ನು ಪ್ರಕಟಿಸಿತು.

‘ರೊಕ್ಕ ಎಲ್ಲಿಂದ ತರೂದ್ರೀ?’ ಎಂಬ ಪ್ರಶ್ನೆ ಬರುತ್ತದೆ. ಸರಿ, ಲೆಕ್ಕವನ್ನೇ ಮಾಡೋಣ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚವನ್ನು ಸರಕಾರವೇ ಕೊಡುತ್ತದೆ. ಬಲಿತ ಕ್ಯಾನ್ಸರಿಗೆ ಲಕ್ಷಗಟ್ಟಲೆ ಕೊಡುವ ಸರಕಾರಕ್ಕೆ, ಅದು ಬಲಿಯದಂತೆ ಮಾಡುವ ಒಂದು ಕಡ್ಡಿ, ಒಂದು ಚಿಪ್ಪು ಭಾರವೇ? ಸೋರುವ ಮಾಳಿಗೆಗೆ ಮಳೆಗಾಲದ ಮೊದಲು ಮಣ್ಣು ಹಾಕದೆ, ಗೋಡೆ ಬಿದ್ದ ಮೇಲೆ ಮನೆ ಕಟ್ಟಲು ಹೊರಟಂತೆ ಇದು.

‘ಇದೆ ಎಂದು ಬಂದರೆ ಹೆಣ್ಣುಮಕ್ಕಳು ಅಂಜತಾರ’ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿದೆ. ಎಚ್.ಪಿ.ವಿ. ಇದೆ ಎಂದರೆ ಕ್ಯಾನ್ಸರ್ ಇದೆ ಎಂದಲ್ಲ, ಕಣ್ಣಿಡಬೇಕು ಎಂದಷ್ಟೇ. ಈ ಮಾತನ್ನು ಬಿಡಿಸಿ ಹೇಳುವ ಆಪ್ತಸಮಾಲೋಚಕರು ಎ.ಆರ್.ಟಿ. ಕೇಂದ್ರದಲ್ಲೇ ಇರುತ್ತಾರೆ. ಬೇರೆ ಯಾವ ವಿಭಾಗದಲ್ಲಿ ಇಂಥ ಅನುಕೂಲ ಇದೆ? ವರ್ಷಗಳಿಂದ ಗುರುತಿರುವ ಆ ಅಕ್ಕನೋ ಅಣ್ಣನೋ ಹೇಳಿದರೆ ಹೆಣ್ಣುಮಕ್ಕಳು ನಂಬುತ್ತಾರೆ. ಅಲ್ಲಿ ಪ್ರತಿ ಸಲ ‘ಕೆಮ್ಮು ಐತೇನು, ಜ್ವರ ಐತೇನು, ತೂಕ ಇಳಿದೈತೇನು, ರಾತ್ರಿ ಬೆವರತೈತೇನು’ ಎಂದು ಕ್ಷಯಕ್ಕಾಗಿ ಕೇಳುತ್ತಾರೆ. ಅದರ ಜೊತೆಗೆ ‘ಮುಟ್ಟಿನ ನಡುವೆ ರಕ್ತ ಹೋಗತೈತೇನು, ಮುಟ್ಟು ನಿಂತ ಮ್ಯಾಲೆ ರಕ್ತ ಕಂಡೈತೇನು, ನಾತ ಬರುವಂಗ ಬಿಳಿ ಹೋಗತೈತೇನು’ ಎಂದೂ ಕೇಳಲಿ. ಇದಕ್ಕೆ ರೊಕ್ಕವೂ ಬೇಡ, ಯಂತ್ರವೂ ಬೇಡ.

ಗುಟ್ಟು ಕಾಯುವ ಮಾತು ಮರೆಯಬಾರದು. ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ 2017ರಲ್ಲಿ ಆಗಿ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಒಬ್ಬರ ರೋಗದ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ, ರೋಗದ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಎಚ್.ಪಿ.ವಿ. ಚೀಟಿಯ ಮೇಲೆ ಎಚ್.ಐ.ವಿ. ಸುದ್ದಿ ಎಲ್ಲರಿಗೂ ಕಾಣುವಂತೆ ಬರೆಯಬಾರದು. ಬಾಗಲಕೋಟೆಯಲ್ಲಿ ಪರೀಕ್ಷೆಯಾಗಿ ಹುಬ್ಬಳ್ಳಿಗೆ ಕಳಿಸಬೇಕಾದರೂ ಈ ಮರ್ಯಾದೆ ದಾರಿಯುದ್ದಕ್ಕೂ ಉಳಿಯಬೇಕು.

ನಮ್ಮ ಬೇಡಿಕೆ

ಹೆಚ್ಚೇನೂ ಕೇಳುತ್ತಿಲ್ಲ. ಒಂದು, ಜಿಲ್ಲೆಯಲ್ಲಿ ಎ.ಆರ್.ಟಿ. ತೆಗೆದುಕೊಳ್ಳುತ್ತಿರುವ 25 ದಾಟಿದ ಮಹಿಳೆಯರ ಪೈಕಿ ಕಳೆದ ವರ್ಷ ಎಷ್ಟು ಜನರ ಗರ್ಭಕೊರಳಿನ ತಪಾಸಣೆ ಆಯಿತು, ಎಷ್ಟು ಜನರಿಗೆ ಚಿಕಿತ್ಸೆ ಮುಗಿಯಿತು ಎಂಬ ಸಂಖ್ಯೆಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಪ್ರಕಟಿಸಲಿ. ಹೆಸರು ಬೇಡ, ಸಂಖ್ಯೆ ಸಾಕು. ಎರಡು, ಎ.ಆರ್.ಟಿ. ಕೇಂದ್ರದಲ್ಲೇ ಎಚ್.ಪಿ.ವಿ. ಮಾದರಿ ತೆಗೆಯುವ ಏರ್ಪಾಡಾಗಲಿ. ಹುನಗುಂದ, ಬಾದಾಮಿ, ಇಳಕಲ್ಲಗಳ ಸರಕಾರಿ ದವಾಖಾನೆಗಳಲ್ಲೂ ಆಗಲಿ. ಮೂರು, ಬಿಸಿಯಿಂದ ಸುಟ್ಟು ಗುಣಪಡಿಸುವ ಉಪಕರಣ, ಅದನ್ನು ಬಳಸಬಲ್ಲ ವೈದ್ಯರು ಜಿಲ್ಲೆಯೊಳಗೇ ಇರಲಿ. ಪರೀಕ್ಷೆ ಮಾಡಿ ಚಿಕಿತ್ಸೆಗೆ ದಾರಿ ತೋರದಿದ್ದರೆ ಅದು ಪರೀಕ್ಷೆಯಲ್ಲ, ಶಿಕ್ಷೆ.

ಓದುಗರಿಗೂ ಒಂದು ಕೆಲಸವಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನಾಕೆ ಯಾವ ದವಾಖಾನೆಗೆ, ಯಾಕೆ ಹೊರಟಿದ್ದಾಳೆಂದು ಕೆದಕಬೇಡಿ. ಕೈಯಲ್ಲಿಯ ಚೀಟಿ ಇಣುಕಿ ನೋಡಬೇಡಿ. ನಿಮ್ಮ ಅಂಗಡಿಯಲ್ಲಿ ಕೆಲಸಕ್ಕಿರುವ ಹೆಣ್ಣುಮಗಳು ‘ಸಾಹುಕಾರ್ರ, ಇವತ್ತ ದವಾಖಾನಿಗೆ ಹೋಗಬೇಕ್ರಿ’ ಎಂದರೆ ಆ ದಿನದ ಪಗಾರ ಕಡಿಯಬೇಡಿ. ಯಾಕಂತ ಕೇಳಲೂ ಬೇಡಿ.

ಇಪ್ಪತ್ತು ವರ್ಷ ಗುಳಿಗೆ ನುಂಗಿ, ಊರ ಮಂದಿಯ ಮಾತು ನುಂಗಿ ಬದುಕಿದ ಹೆಣ್ಣುಮಗಳು, ಒಂದು ಕಡ್ಡಿಯಿಂದ ಪತ್ತೆಯಾಗಬಹುದಾದ ರೋಗಕ್ಕೆ ಬಲಿಯಾದರೆ ಅದು ಆಕೆಯ ಹಣೆಬರಹವಲ್ಲ, ನಮ್ಮ ಜಿಲ್ಲೆಯ ಆಡಳಿತದ ಬರಹ. ಜಿಲ್ಲಾಧಿಕಾರಿಗಳು, ಜಿಲ್ಲಾ ಆರೋಗ್ಯಾಧಿಕಾರಿಗಳು, ಮತ ಕೇಳಲು ಮನೆಬಾಗಿಲಿಗೆ ಬರುವ ನಮ್ಮ ಶಾಸಕರು ಇತ್ತ ಗಮನಿಸುವರೇ?